ಫೋರ್ ವೀಲ್ ಡ್ರೈವ್ ಬಗ್ಗಿ: ಬ್ಯಾಟರಿ ಎಲ್ಲಿ ಕೂತರೆ ಒಳ್ಳೆಯದು?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಮೈಸೂರು, ಕೆಲಸ ಇಂಗ್ಲೆಂಡಿನ ರೆಡಿಂಗ್ ಹತ್ತಿರ. ಒಂದು ವರ್ಷದಿಂದ ಇಲ್ಲಿನ ಕ್ಲಬ್ಬಿನಲ್ಲಿ 1/10 ಅಳತೆಯ ಟೂ ವೀಲ್ ಡ್ರೈವ್ ರೇಡಿಯೊ ಕಂಟ್ರೋಲ್ ಬಗ್ಗಿ ಓಡಿಸುತ್ತಿದ್ದೇನೆ. ಚಳಿಗಾಲದಲ್ಲಿ ಹಾಲ್ ಒಳಗೆ ಕಾರ್ಪೆಟ್ ಮೇಲೆ, ಬೇಸಿಗೆಯಲ್ಲಿ ಹೊರಗೆ ಆಸ್ಟ್ರೋಟರ್ಫ್ (ಕೃತಕ ಹುಲ್ಲು) ಮೇಲೆ. ಈಗ ಫೋರ್ ವೀಲ್ ಡ್ರೈವ್ ಕ್ಲಾಸಿಗೂ ಇಳಿಯುವ ಆಸೆ. ಮೂರು ಕಾರು ನೋಡಿಟ್ಟಿದ್ದೇನೆ. ಒಂದು, ಕ್ಲಬ್ಬಿನ ಹಿರಿಯರೊಬ್ಬರ ಹಳೇ ಬೆಲ್ಟ್ ಕಾರು. ಅದರಲ್ಲಿ ಸ್ಯಾಡಲ್ ಬ್ಯಾಟರಿ, ಎಡಕ್ಕೊಂದು ಬಲಕ್ಕೊಂದು. ಬೆಲೆ ತುಂಬಾ ಕಡಿಮೆ. ಎರಡು, ಸೆಕೆಂಡ್ ಹ್ಯಾಂಡ್ ಟೀಮ್ ಅಸೋಸಿಯೇಟೆಡ್ ಬಿ74. ಅದರಲ್ಲಿ ಶಾರ್ಟಿ, ಅಂದರೆ ಗಿಡ್ಡ ಬ್ಯಾಟರಿ, ಒಂದೇ ಪಕ್ಕ. ಮೂರು, ಹೊಸ ಟಮಿಯಾ ಟಿಟಿ-02ಬಿ, ಉದ್ದ ಸ್ಟಿಕ್ ಬ್ಯಾಟರಿಯದು. ಒಬ್ಬರು ಸ್ಯಾಡಲ್ ಇದ್ದರೇ ಬ್ಯಾಲೆನ್ಸ್ ಅನ್ನುತ್ತಾರೆ, ಇನ್ನೊಬ್ಬರು ಅದೆಲ್ಲ ಹಳೇ ಕಾಲದ್ದು ಅನ್ನುತ್ತಾರೆ. ನನ್ನ ಹತ್ತಿರ ಮೂರು ಶಾರ್ಟಿ ಬ್ಯಾಟರಿಗಳಿವೆ. ರಜೆಗೆ ಊರಿಗೆ ಹೋದಾಗ ಅಕ್ಕನ ಮಗನ ಜೊತೆ ಓಡಿಸುವ ಆಸೆಯೂ ಇದೆ. ಬ್ಯಾಟರಿ ಎಲ್ಲಿ ಕೂತ ಕಾರು ತೆಗೆದುಕೊಳ್ಳಲಿ?

ಉತ್ತರ: ನಮಸ್ಕಾರ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಹಾಗೇ ಸುಮ್ನೆ ಬಂದುಬಿಟ್ಟಿದೆ: "ನನ್ನ ಹತ್ತಿರ ಮೂರು ಶಾರ್ಟಿ ಬ್ಯಾಟರಿಗಳಿವೆ." ಅರ್ಧ ಉತ್ತರ ಅಲ್ಲೇ ಇದೆ. ಆದರೆ ಅಷ್ಟಕ್ಕೇ ಬಿ74 ತಗೊಳ್ಳಿ ಅಂದು ಮುಗಿಸಿದರೆ ನಾಳೆ ಕ್ಲಬ್ಬಿನಲ್ಲಿ ಮತ್ತೊಬ್ಬರು ಮತ್ತೊಂದು ಹೇಳುತ್ತಾರೆ, ನಿಮ್ಮ ತಲೆ ಮತ್ತೆ ಕೆಡುತ್ತದೆ. ಹಾಗಾಗಿ ಬಗ್ಗಿಯನ್ನು ಸ್ವಲ್ಪ ಬಗ್ಗಿ ನೋಡೋಣ.

ಮೊದಲ ಮಾತು. ಟೂ ವೀಲ್ ಡ್ರೈವ್ ಕಾರಿನಲ್ಲಿ ಮೋಟರ್, ಗೇರ್ ಎಲ್ಲ ಹಿಂದೆಯೇ ಮುಗಿದುಹೋಗುತ್ತದೆ. ನಡುವೆ ಜಾಗ ಖಾಲಿ. ಬ್ಯಾಟರಿಯನ್ನು ಕಾರಿನ ನಟ್ಟ ನಡುವೆ ಇಡಬಹುದು. ಫೋರ್ ವೀಲ್ ಡ್ರೈವ್‌ನಲ್ಲಿ ಆ ಭಾಗ್ಯ ಇಲ್ಲ. ಮುಂದಿನ ಚಕ್ರಕ್ಕೂ ಶಕ್ತಿ ಹೋಗಬೇಕಲ್ವಾ? ಅದನ್ನು ಒಯ್ಯುವ ಶಾಫ್ಟೋ ಬೆಲ್ಟೋ ಕಾರಿನ ನಡುಬೆನ್ನಿನ ಮೇಲೇ ಓಡುತ್ತದೆ. ಒಳ್ಳೇ ಜಾಗವನ್ನು ಅದು ಹಿಡಿದುಬಿಟ್ಟ ಮೇಲೆ ಬ್ಯಾಟರಿ ಪಕ್ಕಕ್ಕೆ ಸರಿಯಲೇಬೇಕು. ಒಂದೇ ಪಕ್ಕಕ್ಕೆ ಸರಿಯುವುದೋ, ಎರಡಾಗಿ ಒಡೆದು ಎರಡೂ ಪಕ್ಕಕ್ಕೆ ಸರಿಯುವುದೋ, ಇಷ್ಟೇ ವ್ಯತ್ಯಾಸ. ಅಂದರೆ ಬ್ಯಾಟರಿಯ ಜಾಗ ಅನ್ನುವುದು ಶಾಫ್ಟು, ಬೆಲ್ಟು, ಮೋಟರ್ ಎಲ್ಲ ಕೂತ ಮೇಲೆ ಉಳಿದ ಜಾಗ. ಇದನ್ನು ಮರೆತು ಬರೀ ಬ್ಯಾಟರಿ ನೋಡಿ ಕಾರು ಆರಿಸಿದರೆ ಅಡುಗೆಮನೆಯ ಶೆಲ್ಫ್ ನೋಡಿ ಮನೆ ಕೊಂಡ ಹಾಗೆ.

ಸ್ಯಾಡಲ್ ಯಾಕೆ ಬಂತು ಅಂತ ತಿಳಿದರೆ ನಿಮ್ಮ ಕ್ಲಬ್ಬಿನ ಇಬ್ಬರ ಜಗಳ ಅರ್ಥವಾಗುತ್ತದೆ. 1980ರ ದಶಕದಲ್ಲಿ ಬ್ಯಾಟರಿ ಎಂದರೆ ಆರು ಗುಂಡು ಸೆಲ್. ನಿಕಲ್ ಕ್ಯಾಡ್ಮಿಯಮ್, ಒಂದೊಂದು 1.2 ವೋಲ್ಟ್, ಆರು ಸೇರಿ 7.2 ವೋಲ್ಟ್. ಆರನ್ನೂ ಒಟ್ಟಿಗೆ ಸುತ್ತಿದರೆ ಸ್ಟಿಕ್ ಪ್ಯಾಕ್. ಸೆಲ್ ಬಿಡಿಬಿಡಿಯಾಗಿಯೇ ಸಿಗುತ್ತಿದ್ದವು, ತಂತಿ ಬೆಸುಗೆ ಹಾಕಿಕೊಂಡು ಬೇಕಾದ ಹಾಗೆ ಜೋಡಿಸಬಹುದಿತ್ತು. ನಡುವೆ ಬೆಲ್ಟ್ ಓಡುತ್ತಿದ್ದ ಕಾರುಗಳಿಗೆ ಮೂರು ಸೆಲ್ ಎಡಕ್ಕೆ, ಮೂರು ಬಲಕ್ಕೆ. ಕುದುರೆಯ ಜೀನಿನ ಎರಡು ಪಕ್ಕ ಚೀಲ ತೂಗುಬಿಟ್ಟ ಹಾಗೆ, ಅದಕ್ಕೇ ಸ್ಯಾಡಲ್ ಅನ್ನುವ ಹೆಸರು. ಯೊಕೊಮೊ ಕಂಪನಿಯ ವೈಝಡ್-10 ಕಾರಿನಲ್ಲಿ ಹೀಗೇ ಇತ್ತು. ನೀವಿರುವ ದೇಶದ್ದೇ ಕಥೆ ಬೇಕೆಂದರೆ ನಾರ್ಥಾಂಪ್ಟನ್‌ನ ಶೂಮಾಕರ್ ಕಂಪನಿಯ ಬೆಲ್ಟ್ ಕಾರು ಕ್ಯಾಟ್. 1987ರಲ್ಲಿ ಇಂಗ್ಲೆಂಡಿನ ರಾಮ್ಸಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಫೋರ್ ವೀಲ್ ಡ್ರೈವ್ ಕ್ಲಾಸನ್ನು ಜಪಾನಿನ ಮಸಾಮಿ ಹಿರೋಸಾಕಾ ಗೆದ್ದಿದ್ದು ಅದರಲ್ಲಿ. ನಿಮಗೆ ಕಾರು ಮಾರುವ ಹಿರಿಯರು ಆ ಕಾಲದವರಾಗಿದ್ದರೆ ಸ್ಯಾಡಲ್ ಮೇಲೆ ಅವರಿಗೆ ಪ್ರೀತಿ ಇರುವುದು ಸಹಜ.

ಆಗ ಆರು ಸೆಲ್‌ಗಳ ತೂಕ ಕಮ್ಮಿ ಏನಿರಲಿಲ್ಲ. ಮುಂದೆ ಬಂದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಂತೂ ಆರಕ್ಕೆ 400 ಗ್ರಾಂ ಹತ್ತಿರ ತೂಗುತ್ತಿದ್ದವು. ಇಡೀ ಕಾರಿನ ಕನಿಷ್ಠ ತೂಕದ ನಿಯಮ 1,588 ಗ್ರಾಂ. ಅದರಲ್ಲಿ ಕಾಲು ಭಾಗ ಬ್ಯಾಟರಿಯೇ. ಅಷ್ಟು ಭಾರವನ್ನು ಒಂದೇ ಪಕ್ಕ ಇಟ್ಟರೆ ಎದುರು ಪಕ್ಕ ಅದಕ್ಕೆ ಸಮ ಇಡಲು ಏನೂ ಇರುತ್ತಿರಲಿಲ್ಲ. ಒಡೆಯುವುದೇ ದಾರಿ.

ಆಮೇಲೆ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಬಂತು. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಎರಡು ಸೆಲ್, 7.4 ವೋಲ್ಟ್. ಉದ್ದ ಸ್ಟಿಕ್ ಆದರೆ ಸುಮಾರು 139 ಮಿ.ಮೀ. ಉದ್ದ, 47 ಅಗಲ, 25 ದಪ್ಪ. ಶಾರ್ಟಿ ಅದೇ ಅಗಲ, ಅದೇ ದಪ್ಪ, ಉದ್ದ ಮಾತ್ರ 96ರ ಆಸುಪಾಸು. ಸ್ಯಾಡಲ್ ಆದರೆ ಸುಮಾರು 70 ಮಿ.ಮೀ. ಉದ್ದದ ಎರಡು ತುಂಡು, ನಡುವೆ ಒಂದು ತಂತಿ. ತೂಕ ನೋಡಿ: ಸ್ಯಾಡಲ್ ಜೋಡಿ 280 ಗ್ರಾಂ ಆಚೀಚೆ, ಶಾರ್ಟಿ 210 ಆಚೀಚೆ. 400 ಇದ್ದದ್ದು 210ಕ್ಕೆ ಇಳಿಯಿತು. ಒಂದು 540 ಅಳತೆಯ ಬ್ರಷ್‌ಲೆಸ್ ಮೋಟರ್ 170 ಗ್ರಾಂ ಇರುತ್ತದೆ. ಅಂದರೆ ಈಗ ಬ್ಯಾಟರಿ ಒಂದು ಪಕ್ಕ, ಮೋಟರ್ ಇನ್ನೊಂದು ಪಕ್ಕ ಇಟ್ಟರೆ ತಕ್ಕಡಿ ಹೆಚ್ಚುಕಮ್ಮಿ ಸರಿಹೋಗುತ್ತದೆ. ಸ್ಯಾಡಲ್ ಹಿಂದೆ ಸರಿದದ್ದಕ್ಕೆ ಕಾರಣ ಇದು. ಹಳೇ ಕಾಲದ್ದು ಅನ್ನುವವರು ಹೇಳದೇ ಬಿಡುವುದೂ ಇದನ್ನೇ: ಸ್ಯಾಡಲ್ ತಪ್ಪು ಅಂತ ಯಾರೂ ಸಾಬೀತು ಮಾಡಲಿಲ್ಲ, ಅದರ ಅಗತ್ಯ ತೀರಿತು ಅಷ್ಟೆ.

ಇನ್ನೊಂದು ಕಾರಣವೂ ಇದೆ, ಜೇಬಿನದು. ಶಾರ್ಟಿ ಟೂ ವೀಲ್ ಬಗ್ಗಿಗೂ ಆಗುತ್ತದೆ, ಫೋರ್ ವೀಲ್ ಬಗ್ಗಿಗೂ ಆಗುತ್ತದೆ, ಟ್ರಕ್ ಕ್ಲಾಸಿಗೂ ಆಗುತ್ತದೆ. ಎರಡು ಕ್ಲಾಸ್ ಓಡಿಸುವವರು ಒಂದೇ ಬಗೆಯ ಬ್ಯಾಟರಿ ಇಟ್ಟುಕೊಂಡರೆ ಸಾಕು. ಹೀಗಾಗಿ ಶಾರ್ಟಿ ಹೆಚ್ಚು ಮಾರಾಟವಾಯಿತು, ಕಾರು ಮಾಡುವವರು ಅದಕ್ಕೇ ಜಾಗ ಮಾಡಿಕೊಟ್ಟರು, ಸ್ಯಾಡಲ್ ಅಂಗಡಿಯ ಮೂಲೆಗೆ ಸೇರಿತು.

ಈಗ ಟ್ರ್ಯಾಕ್ ಮೇಲೆ ವ್ಯತ್ಯಾಸ ಏನು ಅಂತ ನೋಡೋಣ. ಸೈಕಲ್ ಮೇಲೆ ಹಾಲು ಹಾಕುವವರನ್ನು ನೆನಪು ಮಾಡಿಕೊಳ್ಳಿ. ಕ್ಯಾರಿಯರ್‌ನ ಎರಡೂ ಪಕ್ಕ ಕ್ಯಾನು ತೂಗುಬಿಟ್ಟಿದ್ದರೆ ಸೈಕಲ್ ವಾಲುವುದಿಲ್ಲ, ಆದರೆ ತಿರುವಿನಲ್ಲಿ ತಿರುಗಿಸಲು ತುಸು ಬಲ ಬೇಕು, ತಿರುಗಿದ ಮೇಲೆ ನೆಟ್ಟಗಾಗಲೂ ಅಷ್ಟೇ. ಒಂದೇ ಕ್ಯಾನು ಇದ್ದರೆ ಹಗುರ, ಆದರೆ ಸವಾರ ಇನ್ನೊಂದು ಕಡೆಗೆ ಮೈ ವಾಲಿಸಿ ಕೂರಬೇಕು. ನಮ್ಮ ಕಾರಿನಲ್ಲಿ ಹಾಗೆ ಮೈ ವಾಲಿಸಿ ಕೂರುವ ಸವಾರ ಮೋಟರ್.

ತಿರುಗಲು ಎಷ್ಟು ಬಲ ಬೇಕು ಅನ್ನುವುದು ತೂಕದ ಮೇಲೂ ಹೋಗುತ್ತದೆ, ನಡುಗೆರೆಯಿಂದ ದೂರದ ಮೇಲೂ ಹೋಗುತ್ತದೆ. ದೂರದ್ದು ಜಾಸ್ತಿ ಕಾಟ, ಯಾಕೆಂದರೆ ದೂರ ಎರಡು ಪಟ್ಟಾದರೆ ಅದರ ಪರಿಣಾಮ ನಾಲ್ಕು ಪಟ್ಟು. ಆದರೆ ಇಲ್ಲಿ ಒಂದು ತಮಾಷೆ ಇದೆ. ಸ್ಯಾಡಲ್ ಆಗಲಿ ಶಾರ್ಟಿ ಆಗಲಿ ಅಗಲ ಅದೇ 47 ಮಿ.ಮೀ. ನಡುವಿನ ಶಾಫ್ಟಿಗೆ ತಾಗದಂತೆ ಪಕ್ಕಕ್ಕೆ ಕೂತರೆ ಎರಡರ ನಡುಬಿಂದುವೂ ನಡುಗೆರೆಯಿಂದ ಸುಮಾರು 40 ಮಿ.ಮೀ. ದೂರದಲ್ಲೇ ಬರುತ್ತದೆ. ದೂರದಲ್ಲಿ ವ್ಯತ್ಯಾಸ ಇಲ್ಲ. ಉಳಿಯುವುದು ತೂಕದ ವ್ಯತ್ಯಾಸ, 280ಕ್ಕೂ 210ಕ್ಕೂ. ಅಂದರೆ ಪಕ್ಕಕ್ಕೆ ಹರಡಿದ ಭಾರ ಸ್ಯಾಡಲ್‌ನಲ್ಲಿ ಮೂರನೇ ಒಂದು ಪಾಲು ಜಾಸ್ತಿ. ಅದೂ ಬರೀ ಬ್ಯಾಟರಿಯ ಲೆಕ್ಕ. ಇಡೀ ಕಾರನ್ನು ಸೇರಿಸಿದರೆ ಇದು ಇನ್ನೂ ಕರಗಿಹೋಗುತ್ತದೆ. ಬಿಗಿ ತಿರುವುಗಳ ಕಾರ್ಪೆಟ್ ಟ್ರ್ಯಾಕಿನಲ್ಲಿ, ಎಡ ಬಲ ಎಡ ಅಂತ ಬೇಗ ಬೇಗ ತಿರುಗಿಸುವ ಜಾಗದಲ್ಲಿ ನುರಿತ ಕೈಗೆ ಇದು ಗೊತ್ತಾಗುತ್ತದೆ. ಒಂದು ವರ್ಷ ಓಡಿಸಿದ ಕೈಗೆ ಗೊತ್ತಾಗುವುದು ಅನುಮಾನ. ಬೇಜಾರು ಮಾಡಿಕೊಳ್ಳಬೇಡಿ, ಹದಿನೈದು ವರ್ಷ ಓಡಿಸಿದ ನನಗೇ ಕೆಲವು ದಿನ ಗೊತ್ತಾಗುವುದಿಲ್ಲ.

ಒಂದೇ ಪಕ್ಕದ ಕಾರಿನಲ್ಲಿ ನೀವು ನಿಜವಾಗಿ ನೋಡಬೇಕಾದ್ದು ತಕ್ಕಡಿಯ ಲೆಕ್ಕ. ತೂಕವನ್ನು ನಡುಗೆರೆಯಿಂದ ಇರುವ ದೂರಕ್ಕೆ ಗುಣಿಸಿ. ಉದಾಹರಣೆಗೆ ಎಡಗಡೆ ಬ್ಯಾಟರಿ: 210 ಗ್ರಾಂ, 40 ಮಿ.ಮೀ., ಗುಣಿಸಿದರೆ 8,400. ಬಲಗಡೆ ಮೋಟರ್: 170 ಗ್ರಾಂ, 30 ಮಿ.ಮೀ., 5,100. ಸ್ಪೀಡ್ ಕಂಟ್ರೋಲರ್ 50 ಗ್ರಾಂ, 45 ಮಿ.ಮೀ., 2,250. ರಿಸೀವರ್ 10 ಗ್ರಾಂ, ಅದೇ 45, 450. ಬಲಗಡೆ ಒಟ್ಟು 7,800. ಎಡಕ್ಕೆ 600 ಜಾಸ್ತಿ. ಬಲಗಡೆ 40 ಮಿ.ಮೀ. ದೂರದಲ್ಲಿ 15 ಗ್ರಾಂ ಹಿತ್ತಾಳೆ ತುಂಡು ಅಂಟಿಸಿದರೆ ತಕ್ಕಡಿ ಸರಿ. ಇಷ್ಟೇ ವಿದ್ಯೆ.

ಈಗ ಯಾರೋ ನಿಮಗೆ ತೆಳು ಶಾರ್ಟಿ ಹಾಕಿ ಅನ್ನುತ್ತಾರೆ. ಕಾರ್ಪೆಟ್ ಓಡಿಸುವವರು ಹೇಳಿಯೇ ಹೇಳುತ್ತಾರೆ. ದಪ್ಪ 25ರ ಬದಲು 18.5 ಮಿ.ಮೀ. ಹತ್ತಿರ, ತೂಕ 165 ಗ್ರಾಂ ಹತ್ತಿರ. ಭಾರ ಕೆಳಗಿಳಿಯುತ್ತದೆ, ಕಾರು ಮಗುಚುವುದು ಕಮ್ಮಿಯಾಗುತ್ತದೆ ಅನ್ನುವುದು ಮಾತು. ಲೆಕ್ಕ ಹಾಕಿ ನೋಡಿದ್ದೇನೆ. ಬ್ಯಾಟರಿ ಬಿಟ್ಟು ಉಳಿದ ಕಾರು 1,400 ಗ್ರಾಂ, ಅದರ ಭಾರಕೇಂದ್ರ ಚಾಸಿ ತಟ್ಟೆಯಿಂದ 25 ಮಿ.ಮೀ. ಮೇಲೆ ಅಂತ ಅಂದಾಜು ಇಟ್ಟುಕೊಳ್ಳಿ. ದಪ್ಪ ಶಾರ್ಟಿ ಹಾಕಿದಾಗ ಒಟ್ಟು ಕಾರಿನ ಭಾರಕೇಂದ್ರ 23.4 ಮಿ.ಮೀ. ಎತ್ತರದಲ್ಲಿ ಬರುತ್ತದೆ. ತೆಳುವಾದ್ದು ಹಾಕಿದಾಗ 23.3. ನಗು ಬಂತಾ? ಕಾರಣ ಸರಳ. ಬ್ಯಾಟರಿ ಮೊದಲೇ ಕಾರಿನ ತಳದಲ್ಲಿದೆ. ತಳದಲ್ಲಿರುವ ಭಾರವನ್ನು ಕಮ್ಮಿ ಮಾಡಿದರೆ ಭಾರಕೇಂದ್ರ ಇಳಿಯುವುದಿಲ್ಲ. ಬ್ಯಾಟರಿ ತೆಳುವಾಗಿ ಗಳಿಸಿದ್ದನ್ನು ಹಗುರವಾಗಿ ಕಳೆದುಕೊಳ್ಳುತ್ತದೆ. ಬ್ಯಾಟರಿ ಕೆಳಗೆ ಹಿತ್ತಾಳೆ ತಟ್ಟೆ ಹಾಕಿದರೆ ಮಾತ್ರ ಒಂದಿಷ್ಟು ಇಳಿಯುತ್ತದೆ. ಹೇಗೂ ಹಾಕಲೇಬೇಕು. ಎಡಗಡೆ ಈಗ 165 ಗುಣಿಸು 40, ಅಂದರೆ 6,600. ಬಲಗಡೆ 7,800 ಹಾಗೇ ಇದೆ. ತಕ್ಕಡಿ ಬಲಕ್ಕೆ ವಾಲಿತು. ಎಡಗಡೆ 30 ಗ್ರಾಂ ಸೇರಿಸಬೇಕು. 45 ಗ್ರಾಂ ಉಳಿಸಲು ಹೋಗಿ 30 ವಾಪಸ್ ಇಟ್ಟ ಹಾಗಾಯಿತು. ಹಾಗಂತ ತೆಳು ಬ್ಯಾಟರಿ ಮೋಸ ಅಂತಲ್ಲ. ಭಾರ ಎಲ್ಲಿರಬೇಕು ಅಂತ ಆರಿಸಿಕೊಳ್ಳುವ ಸ್ವಾತಂತ್ರ್ಯ ಅದರಿಂದ ಸಿಗುತ್ತದೆ. ಆದರೆ ನಿಮ್ಮಲ್ಲಿರುವ ಮೂರು ದಪ್ಪ ಶಾರ್ಟಿಗಳನ್ನು ಮಾರಿ ಅದನ್ನು ಕೊಳ್ಳುವಷ್ಟು ದೊಡ್ಡ ಲಾಭ ಅದರಲ್ಲಿ ಇಲ್ಲ. ಕಾರ್ಪೆಟ್ ಮೇಲೆ ಕಾರು ಪಲ್ಟಿ ಹೊಡೆಯುತ್ತಿದ್ದರೆ ಮೊದಲು ಕಾರಿನ ಎತ್ತರ ಒಂದೆರಡು ಮಿ.ಮೀ. ಇಳಿಸಿ. ಆಮೇಲೆ ಮುಂದಿನ ಟೈರಿನ ಹೊರಗೋಡೆಗೆ ಫೆವಿಕ್ವಿಕ್ ತರಹದ ಅಂಟನ್ನು ತೆಳ್ಳಗೆ ಸವರಿ ಒಣಗಿಸಿ. ಟೈರಿನ ಅಂಚು ಕಾರ್ಪೆಟ್ಟನ್ನು ಕಚ್ಚುವುದು ಕಮ್ಮಿಯಾಗುತ್ತದೆ. ನಿಮ್ಮ ಕ್ಲಬ್ಬಿನಲ್ಲಿ ಕಾರು ರಿಪೇರಿ ಮಾಡುವ ಪಿಟ್ ಟೇಬಲ್‌ಗಳ ಮೇಲೆ ಅಂಟಿನ ಸಣ್ಣ ಬಾಟಲಿ ನೋಡಿರುತ್ತೀರಿ, ಅದು ಟೈರನ್ನು ರಿಮ್ಮಿಗೆ ಅಂಟಿಸಲು ಮಾತ್ರ ಅಲ್ಲ.

ತಕ್ಕಡಿ ಸರಿಯಾಯಿತೋ ಇಲ್ಲವೋ ನೋಡಲು ದುಬಾರಿ ಸಲಕರಣೆ ಬೇಡ. ಬ್ಯಾಟರಿ ಹಾಕಿ, ಬಾಡಿ ಶೆಲ್ ಹಾಕಿ, ಓಡಿಸುವಾಗ ಇರುವ ಹಾಗೇ ಕಾರನ್ನು ತಯಾರು ಮಾಡಿ. ಚಾಸಿಯ ಕೆಳಗೆ ಮುಂದೊಂದು ಹಿಂದೊಂದು, ಸರಿಯಾಗಿ ನಡುಗೆರೆಯ ಮೇಲೆ, ಚೂಪು ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ಎತ್ತಿ. ಯಾವ ಕಡೆ ವಾಲುತ್ತದೋ ಆ ಕಡೆ ಭಾರ. ಒಂದು ರೂಪಾಯಿ ನಾಣ್ಯವನ್ನು ಹಗುರವಾದ ಕಡೆ ಇಟ್ಟು ಇಟ್ಟು ನೋಡುತ್ತಾ ಹೋಗಿ. ನೀವು ಅಲ್ಲಿ ಪೆನ್ನಿ ಇಟ್ಟುಕೊಳ್ಳಿ, ಕೆಲಸ ಅದೇ. ನೆಟ್ಟಗೆ ನಿಂತ ದಿನ ಆ ನಾಣ್ಯಗಳ ತೂಕದಷ್ಟೇ ಹಿತ್ತಾಳೆ ಸಾಕು.

ಎಡ ಬಲ ಮುಗಿಯಿತು. ಹಿಂದೆ ಮುಂದೆ ಇನ್ನೂ ಇದೆ, ಆರಿಸುವಾಗ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೇ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿದರೆ ಮುಂದಿನ ಚಕ್ರಕ್ಕೆ ಭಾರ, ಸ್ಟೇರಿಂಗ್ ಚುರುಕು. ಹಿಂದಕ್ಕೆ ಸರಿಸಿದರೆ ಹಿಂದಿನ ಚಕ್ರ ನೆಲ ಹಿಡಿಯುತ್ತದೆ, ತಿರುವಿನಿಂದ ಹೊರಬರುವಾಗ ಬಾಲ ಆಡುವುದಿಲ್ಲ. ಕಾರ್ಪೆಟ್ ಮೇಲೆ ಹಿಡಿತಕ್ಕೆ ಬರವಿಲ್ಲ, ಆಸ್ಟ್ರೋಟರ್ಫ್ ಒದ್ದೆಯಾದ ದಿನ ಬರವೇ ಬರ. ನೀವಿರುವ ಇಂಗ್ಲೆಂಡಿನಲ್ಲಿ ಒದ್ದೆಯಾಗದ ದಿನ ಯಾವುದು ಹೇಳಿ! ಹಾಗಾಗಿ ಒಂದೇ ಕಾರು ಎರಡಕ್ಕೂ ಬೇಕೆಂದರೆ ಬ್ಯಾಟರಿ ಸರಿಸಲು ಜಾಗ ಬೇಕು. ಉದ್ದ ಸ್ಟಿಕ್ ಹಾಕಿದ ಕಾರಿನಲ್ಲಿ ಆ ಮಾತೇ ಇಲ್ಲ, 139 ಮಿ.ಮೀ. ತುಂಬಿಕೊಂಡಿತು ಅಂದರೆ ಮುಗಿಯಿತು. ಶಾರ್ಟಿ ಗಿಡ್ಡವಾದ್ದರಿಂದ ಅದರ ಹಿಂದೆ ಮುಂದೆ ಫೋಮ್ ತುಂಡುಗಳನ್ನು ಅದಲು ಬದಲು ಮಾಡಿ ಸರಿಸಬಹುದು.

ಎಷ್ಟು ಬದಲಾವಣೆ ಬರುತ್ತದೆ? ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಸುಮಾರು 280 ಮಿ.ಮೀ. 210 ಗ್ರಾಂ ಬ್ಯಾಟರಿಯನ್ನು 30 ಮಿ.ಮೀ. ಸರಿಸಿದರೆ 22 ಗ್ರಾಂ ಭಾರ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಇಡೀ ಕಾರಿನ ತೂಕದಲ್ಲಿ ಶೇಕಡಾ ಒಂದೂವರೆಯಷ್ಟೂ ಇಲ್ಲ. ಆದರೂ ಇದು ಕೈಗೆ ಗೊತ್ತಾಗುತ್ತದೆ, ಒದ್ದೆ ಟರ್ಫ್ ಮೇಲಂತೂ ಚೆನ್ನಾಗಿ ಗೊತ್ತಾಗುತ್ತದೆ. ಯಾಕೆಂದರೆ ಹಿಡಿತ ಕಮ್ಮಿ ಇರುವ ಕಡೆ ಕಾರು ಅಂಚಿನಲ್ಲೇ ಓಡುತ್ತಿರುತ್ತದೆ, ಸಣ್ಣದೊಂದು ತಳ್ಳು ಸಾಕು. ಎಡ ಬಲದ ಚರ್ಚೆಯಲ್ಲಿ ಜನ ಕಳೆಯುವ ಹೊತ್ತಿನಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟರೆ ಲ್ಯಾಪ್ ಟೈಮ್ ಇಳಿಯುತ್ತದೆ ಅನ್ನುವುದು ನನ್ನ ಅನುಭವ.

ಬ್ಯಾಟರಿ ಸರಿಸಿದ ಮೇಲೆ ಅದು ಅಲ್ಲೇ ಇರಬೇಕು. ಇದು ಯಾರೂ ಹೇಳದ ಮಾತು. ಒಂದು ಸಲ ಹಿಂದಿನ ಫೋಮ್ ತುಂಡು ಸವೆದು ಬ್ಯಾಟರಿಯ ಹಿಂದೆ ಎರಡು ಮೂರು ಮಿ.ಮೀ. ಸಂದಿ ಬಿದ್ದಿತ್ತು. ಪ್ರತಿ ಜಂಪ್‌ನಲ್ಲೂ ಟಕ್ ಅಂತ ಸಣ್ಣ ಶಬ್ದ. ನಾನು ಶಾಕ್ ಅಬ್ಸಾರ್ಬರ್ ಎಣ್ಣೆ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ಕಾರು ಒಂದು ಲ್ಯಾಪ್ ಒಂದು ಥರ ಇನ್ನೊಂದು ಲ್ಯಾಪ್ ಇನ್ನೊಂದು ಥರ. ಕೊನೆಗೆ ಪಕ್ಕದ ಟೇಬಲ್ಲಿನ ಹುಡುಗ ಕಾರನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿ "ಅಂಕಲ್, ಒಳಗೆ ಏನೋ ಆಡ್ತಿದೆ" ಅಂದ. ಆವತ್ತಿನಿಂದ ಬ್ಯಾಟರಿಯ ಅಂಚು ಬರುವ ಕಡೆ ಚಾಸಿ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ರೇಸ್ ಮುಗಿದ ಮೇಲೆ ಗೆರೆ ಕಾಣಿಸದಿದ್ದರೆ ಬ್ಯಾಟರಿ ಓಡಾಡಿದೆ ಅಂತ ಅರ್ಥ.

ಇನ್ನು ಸ್ಯಾಡಲ್‌ನ ನಿಜವಾದ ತೊಂದರೆ ಹೇಳುತ್ತೇನೆ. ಅದು ಟ್ರ್ಯಾಕ್ ಮೇಲಲ್ಲ, ಪಿಟ್ ಟೇಬಲ್ ಮೇಲೆ. ಎರಡು ತುಂಡು ಎಂದರೆ ನಾಲ್ಕು ತುದಿ, ನಡುವೆ ಒಂದು ಕೊಂಡಿ ತಂತಿ. ಅದು ಶಾಫ್ಟ್ ಅಥವಾ ಬೆಲ್ಟ್ ಮೇಲಿಂದ ದಾಟಿಹೋಗಬೇಕು. ಸರಿಯಾಗಿ ಕಟ್ಟದಿದ್ದರೆ ತಿರುಗುವ ಭಾಗಕ್ಕೆ ತಾಗಿ ತಂತಿಯ ಮೇಲಿನ ರಬ್ಬರ್ ಸವೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಅವಸರ. ನಾನು ಒಮ್ಮೆ ಹೀಟ್ (ಒಂದು ಸುತ್ತಿನ ರೇಸ್) ಶುರುವಾಗಲು ಎರಡು ನಿಮಿಷ ಇರುವಾಗ ಒಂದು ತುಂಡನ್ನು ತಿರುಗಾ ಮುರುಗಾ ಇಟ್ಟೆ. ಕೊಂಡಿ ತಂತಿಯ ಎರಡನೇ ತುದಿಯನ್ನು ಅದೇ ತುಂಡಿನ ಇನ್ನೊಂದು ತೂತಿಗೆ ಚುಚ್ಚಿದೆ. ಚಟ್ ಅಂತ ನೀಲಿ ಕಿಡಿ. ಬುಲೆಟ್ ಪಿನ್ ತೂತಿನಲ್ಲೇ ಬೆಸೆದುಕೊಂಡಿತು, ಬೆರಳ ತುದಿ ಸುಟ್ಟಿತು. ಎಳೆದು ಬಿಡಿಸಿದ್ದಕ್ಕೆ ಬೆಂಕಿ ಬೀಳಲಿಲ್ಲ, ಆ ತುಂಡು ಮಾತ್ರ ಸಂಜೆಗೆ ಹಲಸಿನ ಹಪ್ಪಳದ ಹಾಗೆ ಉಬ್ಬಿತ್ತು. ತಪ್ಪು ಪೂರ್ತಿ ನನ್ನದೇ. ಆದರೆ ಶಾರ್ಟಿಯಲ್ಲಿ ಆ ತಪ್ಪು ಮಾಡಲು ಕೊಂಡಿ ತಂತಿಯೇ ಇಲ್ಲ.

ಜೊತೆಗೆ ಎರಡು ತುಂಡುಗಳು ಒಂದೇ ಥರ ವಯಸ್ಸಾಗುವುದಿಲ್ಲ. ಮೋಟರ್ ಪಕ್ಕ ಕೂತದ್ದು ಜಾಸ್ತಿ ಬಿಸಿಯಾಗಿ ಬೇಗ ಸೋಲುತ್ತದೆ. ಚಾರ್ಜ್ ಮಾಡುವಾಗ ಕೊಂಡಿಯ ಜಾಗದಿಂದ ಬ್ಯಾಲೆನ್ಸ್ ತಂತಿ ತೆಗೆದು ಎರಡೂ ಸೆಲ್ ಸಮವಾಗಿ 4.2 ವೋಲ್ಟಿಗೆ ಬರುತ್ತವೆಯೇ ಅಂತ ನೋಡಲೇಬೇಕು. ಒಂದು ತುಂಡು ಸೋತರೆ ಜೋಡಿಯನ್ನೇ ಬದಲಿಸಬೇಕು, ಹಳೇ ಎತ್ತಿಗೆ ಹೊಸ ಎತ್ತು ಕಟ್ಟಿದ ಹಾಗೆ ಮಾಡಬಾರದು.

ಇಷ್ಟು ಹೇಳಿದ ಮೇಲೆ ನಿಮ್ಮ ಮೂರು ಕಾರಿಗೆ ಬರುತ್ತೇನೆ.

ಹಳೇ ಬೆಲ್ಟ್ ಕಾರು ಅಗ್ಗ ನಿಜ. ಆದರೆ ಕೊಂಡ ದಿನವೇ ಕನಿಷ್ಠ ಎರಡು ಜೊತೆ ಸ್ಯಾಡಲ್ ಬ್ಯಾಟರಿ ಕೊಳ್ಳಬೇಕು. ನಿಮ್ಮ ಮೂರು ಶಾರ್ಟಿ ಅದರಲ್ಲಿ ಕೂರುವುದಿಲ್ಲ. ಆ ದುಡ್ಡು ಸೇರಿಸಿ ಬೆಲೆ ನೋಡಿ. ಬೆಲ್ಟ್, ಪುಲಿ ಇನ್ನೂ ಅಂಗಡಿಯಲ್ಲಿ ಸಿಗುತ್ತವೆಯೇ ಅಂತಲೂ ಕೇಳಿ. ಬೆಲ್ಟ್ ಓಟ ನುಣುಪು, ಅದರ ಸುಖವೇ ಬೇರೆ, ಅದನ್ನು ಅಲ್ಲಗಳೆಯುವುದಿಲ್ಲ. ನನಗೇನಾದರೂ ಕೊಟ್ಟರೆ ತಗೊಂಡು ಶೆಲ್ಫ್ ಮೇಲಿಟ್ಟು ಭಾನುವಾರ ಓಡಿಸಿಕೊಂಡಿರುತ್ತೇನೆ. ಕ್ಲಬ್ ರೇಸಿಗೆ ಮಾತ್ರ ನಿಮಗೆ ಇದು ಬೇಡ.

ಬಿ74 ತಗೊಳ್ಳಿ. ಶಾಫ್ಟ್ ಕಾರು, ಶಾರ್ಟಿ ಬ್ಯಾಟರಿ, ನಿಮ್ಮ ಹತ್ತಿರ ಇರುವುದು ಅದೇ. ಟೆಕ್ನೊದ ಇಬಿ410 ಕೂಡ ಇದೇ ಜಾತಿಯದು, ಶಾಫ್ಟು, ಶಾರ್ಟಿ, ನಡುವೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಸೆಂಟರ್ ಡಿಫ್. ಒಳ್ಳೇ ಬೆಲೆಗೆ ಅದು ಸಿಕ್ಕರೂ ನನ್ನ ತಕರಾರಿಲ್ಲ. ನಿಮ್ಮ ಕ್ಲಬ್ಬಿನಲ್ಲಿ ಯಾವುದು ಜಾಸ್ತಿ ಓಡುತ್ತದೆ ನೋಡಿ. ಚಕ್ರ ಹಿಡಿದಿರುವ ಒಂದು ಆರ್ಮ್ ಮುರಿದಾಗ ಪಕ್ಕದ ಟೇಬಲ್ಲಿನಲ್ಲಿ ಕೈ ಚಾಚಿದರೆ ಸಿಗುವ ಕಾರೇ ಒಳ್ಳೇ ಕಾರು.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಒಂದು ಶಾರ್ಟಿ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಬ್ಯಾಟರಿಯನ್ನು ಜಾಗದಲ್ಲಿ ಇಟ್ಟು ಮೇಲಿನ ಪಟ್ಟಿ ಬಿಗಿ ಮಾಡಿ, ಬಾಡಿ ಶೆಲ್ ಹಾಕಿ ನೋಡಿ. ಎಲ್ಲ ಶಾರ್ಟಿಗಳಿಗೂ ತಂತಿ ಚುಚ್ಚುವ ತೂತು ಒಂದೇ ಕಡೆ ಇರುವುದಿಲ್ಲ. ನಿಮ್ಮ ಬ್ಯಾಟರಿಯ ತೂತು ಪಟ್ಟಿಯ ಅಡಿಗೆ ಹೋಗಿಬಿಟ್ಟರೆ, ಅಥವಾ ತಂತಿ ಶೆಲ್ಲಿಗೆ ತಗುಲಿ ಶಾಫ್ಟಿನ ಕಡೆ ಬಾಗಿದರೆ ಮುಂದೆ ತಲೆನೋವು. ಹಿಂದೆ ಮುಂದೆ ಎಷ್ಟು ಸಂದಿ ಉಳಿಯುತ್ತದೆ ಅಂತ ಬೆರಳಿನಲ್ಲಿ ಅಳೆಯಿರಿ. ಹಿತ್ತಾಳೆ ತೂಕಗಳನ್ನು ಮಾರುವವರು ಜೊತೆಗೆ ಕೊಡುತ್ತಾರಾ ಕೇಳಿ, ಅವು ಬಿಡಿಯಾಗಿ ಕೊಂಡರೆ ಬೆಲೆ ಜಾಸ್ತಿ. ಚಾಸಿಯನ್ನು ತಿರುಗಿಸಿ ಬ್ಯಾಟರಿ ಕೂರುವ ಜಾಗದ ಕೆಳಗೆ ಬಿರುಕು ಇದೆಯೇ ನೋಡಿ. ಬ್ಯಾಟರಿಯ ಬಗ್ಗೆ ಇನ್ನೊಂದು ಮಾತು: 13.5 ಟರ್ನ್ (ಮೋಟರಿನೊಳಗಿನ ತಂತಿಯ ಸುತ್ತು) ಮೋಟರ್ ಕ್ಲಾಸಿನಲ್ಲಿ ಐದು ನಿಮಿಷದ ರೇಸಿಗೆ 4,000 ಎಂಎಎಚ್ (ಬ್ಯಾಟರಿ ಎಷ್ಟು ತುಂಬಿಕೊಳ್ಳುತ್ತದೆ ಅನ್ನುವ ಅಳತೆ) ಧಾರಾಳ ಸಾಕು. 6,000 ಅಂತ ಬರೆದಿರುವುದನ್ನು ಕೊಂಡು ಭಾರ ಹೊರಬೇಡಿ.

ಟಿಟಿ-02ಬಿ ಬಗ್ಗೆ ಕ್ಲಬ್ಬಿನವರು ಮೂಗು ಮುರಿಯಬಹುದು. ಪ್ಲಾಸ್ಟಿಕ್ ತೊಟ್ಟಿಯಂಥ ಚಾಸಿ, ಉದ್ದ ಸ್ಟಿಕ್ ಒಂದು ಪಕ್ಕ, ಮೋಟರ್ ಹಿಂದೆ ಇನ್ನೊಂದು ಪಕ್ಕ. ಬ್ಯಾಟರಿ ಸರಿಸುವ ಹಾಗಿಲ್ಲ. ನಿಮ್ಮ ಕಾರ್ಪೆಟ್ ರೇಸಿನಲ್ಲಿ ಇದು ಬಿ74ರ ಧೂಳು ಕುಡಿಯುತ್ತದೆ, ಕಾರ್ಪೆಟ್ ಮೇಲೆ ಧೂಳು ಇದ್ದರೆ. ಆದರೆ ಮೈಸೂರಿಗೆ ನಾನು ಹೇಳುವ ಕಾರು ಇದೇ. ಯಾಕೆ ಅಂದರೆ, ರೇಸ್ ಬಗ್ಗಿಯ ಹೊಟ್ಟೆ ನೆಲದಿಂದ ಎರಡು ಸೆಂಟಿಮೀಟರ್ ಮೇಲಿದ್ದರೆ ಹೆಚ್ಚು. ಲೇಔಟ್ ಪಕ್ಕದ ಖಾಲಿ ಸೈಟಿನಲ್ಲಿ ಜಲ್ಲಿ, ಕೆಂಪು ಧೂಳು, ಪಾರ್ಥೇನಿಯಂ ಬೇರು. ಕಲ್ಲು ಒಂದು ಶಾಫ್ಟಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡರೆ ಮುಗಿಯಿತು. ಟಿಟಿ-02ಬಿಯ ಗೇರ್‌ಗಳು ಮುಚ್ಚಿದ ಪೆಟ್ಟಿಗೆಯೊಳಗಿವೆ. ಅಕ್ಕನ ಮಗ ಕಾಂಪೌಂಡಿಗೆ ಗುದ್ದಿಸಿದರೂ ಕಾರು ತಡೆದುಕೊಳ್ಳುತ್ತದೆ. ಸ್ಟಿಕ್ ಪ್ಯಾಕ್‌ನಲ್ಲೂ ನಿಕಲ್ ಮೆಟಲ್ ಹೈಡ್ರೈಡ್ ಬಗೆಯದೇ ಹಾಕಿ. ಅದು ಪೆಟ್ಟು ತಿಂದರೂ ಲಿಪೊದಷ್ಟು ಅಪಾಯ ಇಲ್ಲ. ಹುಡುಗ ಪೂರ್ತಿ ಖಾಲಿ ಆಗುವವರೆಗೆ ಓಡಿಸಿದರೂ ಮತ್ತೆ ತುಂಬಿಸಬಹುದು. ಲಿಪೊವನ್ನು ಒಂದು ಸೆಲ್ಲಿಗೆ 3.2 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಅದಕ್ಕೆ ಆಯಸ್ಸಿಲ್ಲ, ಇದನ್ನು ಹತ್ತು ವರ್ಷದ ಹುಡುಗನಿಗೆ ಹೇಳಿ ನಿಲ್ಲಿಸಲು ಆಗುವುದಿಲ್ಲ.

ಆದರೂ ಬಿ74 ಅನ್ನೇ ಒಂದು ಸಲ ಊರಿಗೆ ಒಯ್ಯಬೇಕು ಅನ್ನಿಸಿದರೆ ಬ್ಯಾಟರಿಯ ವಿಷಯ ಜೋಪಾನ. ಬಿಡಿ ಲಿಪೊ ಬ್ಯಾಟರಿಗಳು ವಿಮಾನದಲ್ಲಿ ಚೆಕ್ ಇನ್ ಸೂಟ್‌ಕೇಸಿನಲ್ಲಿ ಹೋಗುವ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್ ಒಳಗಿನವು ಸಾಮಾನ್ಯ ಮಿತಿಯೊಳಗೆ ಬರುತ್ತವೆ. ನಿಮ್ಮ 5,000 ಎಂಎಎಚ್ ಶಾರ್ಟಿ 7.4 ಗುಣಿಸು 5, ಅಂದರೆ 37 ವ್ಯಾಟ್ ಅವರ್. ತೂತುಗಳ ಮೇಲೆ ಟೇಪ್ ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ, ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿಗೆ ಇಳಿಸಿಕೊಂಡು ಹೊರಡಿ. ಟಿಕೆಟ್ ಮಾಡಿದ ವಿಮಾನ ಕಂಪನಿಯ ನಿಯಮವನ್ನು ಮೊದಲೇ ಓದಿಕೊಳ್ಳಿ, ಎಷ್ಟು ಬ್ಯಾಟರಿ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು. ಸೆಕ್ಯೂರಿಟಿಯಲ್ಲಿ ಕೇಳಿದರೆ ಆಟದ ಕಾರಿನ ಬ್ಯಾಟರಿ ಅನ್ನಿ, ಬ್ಯಾಟರಿಯ ಮೈಮೇಲೆ ಅಚ್ಚಾಗಿರುವ ವ್ಯಾಟ್ ಅವರ್ ಸಂಖ್ಯೆ ತೋರಿಸಿ. ಅಂಟಿಸಿದ ಸ್ಟಿಕ್ಕರ್ ಸವೆದು ಆ ಸಂಖ್ಯೆ ಕಾಣದಿರುವ ಬ್ಯಾಟರಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಬಿ74 ಕೈಗೆ ಬಂದ ಮೇಲೆ ಮೊದಲ ದಿನ ಬ್ಯಾಟರಿಯನ್ನು ಜಾಗದ ಸರಿಯಾದ ನಡುವಿಗೆ ಇಡಿ. ಐದು ನಿಮಿಷ ಓಡಿಸಿ. ಆಮೇಲೆ ಪೂರ್ತಿ ಹಿಂದಕ್ಕೆ ಸರಿಸಿ ಇನ್ನೈದು ನಿಮಿಷ. ಬೇರೇನನ್ನೂ ಮುಟ್ಟಬೇಡಿ, ಶಾಕ್ ಎಣ್ಣೆಯಂತೂ ಬೇಡವೇ ಬೇಡ. ಎರಡರ ಲ್ಯಾಪ್ ಟೈಮ್ ಬರೆದು ಕಳಿಸಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.